ಕನಕಲಕ್ಷ್ಮಮ್ಮನವರ ಸಕ್ಕರೆ ಅಚ್ಚು

ಗೌರಿಬಿದನೂರಿನ ನಮ್ಮ ಬೀದಿಯಲ್ಲಿ ಸಂಕ್ರಾಂತಿ ಬಂತೆಂದರೆ ಕನಕಲಕ್ಷ್ಮಮ್ಮನವರ ಗತ್ತು ನೋಡಬೇಕಿತ್ತು. ಮೇಷ್ಟರ ಹೆಂಡತಿ, ಮೇಷ್ಟರು ತೀರಿಕೊಂಡ ಮೇಲೂ ಮಗನ ಮನೆಯ ಯಜಮಾನಿಕೆಯೆಲ್ಲ ಅವರದೇ. ಅವರು ಎರೆದ ಸಕ್ಕರೆ ಅಚ್ಚು, ಆನೆಯಾಗಲಿ ಗಿಳಿಯಾಗಲಿ, ಹಾಲಿನಷ್ಟು ಬೆಳ್ಳಗೆ, ಕೊಕ್ಕು ಮುರಿಯದೆ ಮರದ ಅಚ್ಚಿನಿಂದ ಎದ್ದು ಬರುತ್ತಿತ್ತು. ಅದನ್ನು ಒಪ್ಪಲೇಬೇಕು. ನಾಲಿಗೆ ಮಾತ್ರ, ದೇವರೇ ಕಾಪಾಡಬೇಕು!

ಸೊಸೆ ರಂಜನಿಗೆ ಇದ್ದದ್ದು ಒಂದೇ ಆಸೆ. ಮಗಳು ಎಳ್ಳು ಬೀರಲು ಹೊರಟಾಗ ತಟ್ಟೆಯಲ್ಲಿ ತಾನೇ ಕೈಯಾರೆ ಎರೆದ ಅಚ್ಚು ಇರಬೇಕು. ಅತ್ತೆಯನ್ನು ಕೇಳಿ, ಅವರು ಹೇಳಿದಂತೆಯೇ ಪ್ರತಿ ವರ್ಷ ಪಾಕ ಮಾಡುತ್ತಿದ್ದಳು. ಪ್ರತಿ ವರ್ಷವೂ ಅದು ಗಟ್ಟಿಯಾಗದೆ ಮರಕ್ಕೆ ಅಂಟಿ ಕೂರುತ್ತಿತ್ತು. ಆಗ ಕನಕಲಕ್ಷ್ಮಮ್ಮ ಬೀದಿಯ ಹೆಂಗಸರನ್ನೆಲ್ಲ ಅಡುಗೆಮನೆಗೆ ಕರೆದು ತೋರಿಸುವರು.

“ನೋಡ್ರಮ್ಮಾ, ನಮ್ಮನೆ ಮಹಾಲಕ್ಷ್ಮಿ ಕೈಗುಣ! ಸಕ್ಕರೆ ಕೂಡ ಇವಳ ಮಾತು ಕೇಳಲ್ಲ.”

ರಂಜನಿ ತಲೆ ತಗ್ಗಿಸಿ ಪಾತ್ರೆ ಉಜ್ಜುತ್ತಿದ್ದಳು.

ಈ ಸಲ ಹಬ್ಬಕ್ಕೆ ಮುಂಚೆ ಬಚ್ಚಲಲ್ಲಿ ಜಾರಿ ಅತ್ತೆಯ ಬಲಗೈ ಮುರಿಯಿತು. ಅಚ್ಚು ಎರೆಯುವ ಕೆಲಸ ರಂಜನಿಗೇ ಬಂತು. ಕನಕಲಕ್ಷ್ಮಮ್ಮ ಅಡುಗೆಮನೆ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು. ಎದುರುಮನೆಯ ನಾನು ಪಾಕ ಸೋಸಿಕೊಡಲು ಹೋಗಿದ್ದೆ. ರಂಜನಿ ಇಡೀ ನಿಂಬೆಹಣ್ಣು ಹಿಂಡಲು ಹೊರಟದ್ದು ನೋಡಿ ಅವಳ ಕೈ ಹಿಡಿದುಕೊಂಡೆ.

“ಅಯ್ಯೋ, ಏನ್ ಮಾಡ್ತಿದೀಯೇ? ನಾಲ್ಕು ತೊಟ್ಟು ಸಾಕು ಕಣೇ. ಅಷ್ಟು ಹಿಂಡಿದ್ರೆ ಜನ್ಮದಲ್ಲಿ ಗಟ್ಟಿಯಾಗಲ್ಲ!”

“ಅತ್ತೆ ಯಾವಾಗ್ಲೂ ಇಷ್ಟೇ ಹೇಳೋದು ಅಕ್ಕಾ.”

ಇಬ್ಬರೂ ಮುದುಕಿಯ ಕಡೆ ತಿರುಗಿದೆವು. ಆ ಮುಖದಲ್ಲಿ ನಾಚಿಕೆಯ ಸುಳಿವೂ ಇರಲಿಲ್ಲ.

“ಹೌದು, ಬೇಕಂತ್ಲೇ ಹೇಳ್ದೆ. ಎಲ್ಲಾ ಕಲಿಸ್ಬಿಟ್ರೆ ಆಮೇಲೆ ಈ ಮನೇಲಿ ನನ್ನನ್ನ ಯಾರು ಕರೀತಾರೆ?”

ನನಗೆ ಮೈಯೆಲ್ಲ ಉರಿದುಹೋಯಿತು. ರಂಜನಿ ನಾಲ್ಕೇ ತೊಟ್ಟು ಹಿಂಡಿ, ಪಾಕ ಬೆಳ್ಳಗೆ ತಿರುಗುವವರೆಗೂ ಕೈಯಾಡಿಸಿ ಎರೆದಳು. ಆರಿದ ಮೇಲೆ ಮರದ ಅಚ್ಚಿಗೆ ಬಿಗಿದಿದ್ದ ದಾರ ಬಿಚ್ಚಿದರೆ ಒಳಗೆ ಸೊಂಡಿಲು ಸಮೇತ ಆನೆ. ಅದನ್ನು ಅಂಗೈಯಲ್ಲಿಟ್ಟುಕೊಂಡು ಬಿಕ್ಕಿ ಬಿಕ್ಕಿ ಅತ್ತಳು.

“ಎಲ್ಲಿ, ಇತ್ಲಾಗೆ ಕೊಡು ನೋಡಣ” ಎಂದು ಮುದುಕಿ ಎಡಗೈ ಚಾಚಿದರು.

ರಂಜನಿ ಕಣ್ಣೊರೆಸಿಕೊಂಡಳು. “ಒಳಗೆ ಹೋಗಿ ಮಲಕ್ಕೊಳ್ಳಿ ಅತ್ತೆ. ಬೇಕಾದಾಗ ಕರೀತೀನಿ.”

ಮಗಳ ತಟ್ಟೆ ಬೀದಿಯೆಲ್ಲ ಸುತ್ತಿ ಬಂತು. ಕನಕಲಕ್ಷ್ಮಮ್ಮ ಹಬ್ಬದ ಸೀರೆಯಲ್ಲಿ ಮಂಚದ ಮೇಲೆ ಕಾದು ಕೂತೇ ಇದ್ದರು. ಶಿವರಾತ್ರಿ ಕಳೆಯಿತು, ಯುಗಾದಿಯೂ ಕಳೆಯಿತು. ಕೈ ಕೂಡಿಕೊಂಡಿದೆ, ಆದರೂ ಊಟದ ತಟ್ಟೆ ಕೋಣೆಗೇ ಹೋಗುತ್ತದೆ. ಅಡುಗೆಮನೆಯಲ್ಲಿ ಪಾತ್ರೆ ಸದ್ದಾದರೆ ಸಾಕು, ಒಳಗಿನಿಂದ ಮುದುಕಿ ಕೇಳುತ್ತಾರೆ:

“ಕರೆದ್ಯೇನೇ ರಂಜನಿ?”

“ಇಲ್ಲ ಅತ್ತೆ.”