ಅರಗು ಬಳಿದ ಕಬ್ಬಿಣ

ಕಬ್ಬಿಣದ ಗಟ್ಟಿಯನ್ನು ಎರಡೇ ಬೆರಳಲ್ಲಿ ಎತ್ತುವ ಪೈಲ್ವಾನರನ್ನು ನೀವು ನೋಡಿದ್ದೀರಾ? ಹೋದ ವಾರ ನಾನು ಚನ್ನಪಟ್ಟಣದಲ್ಲಿ ನೋಡಿ ಬಂದೆ. ಪೈಲ್ವಾನರೆಂದರೆ ಮತ್ಯಾರೂ ಅಲ್ಲ, ಮೇಷ್ಟ್ರ ಕೆಲಸದ ಪರೀಕ್ಷೆಗೆ ಬಂದಿದ್ದ ಬಡಕಲು ಕ್ಯಾಂಡಿಡೇಟುಗಳು.

ನನ್ನ ಅಕ್ಕನ ಮಗ ಪುಟ್ಟಸ್ವಾಮಿಯೂ ಅವರಲ್ಲೊಬ್ಬ. ಕೈಲಾಂಚದವನು. ಅವನೂರಿನ ಸ್ಕೂಲಿಗೆ ಮೇಷ್ಟ್ರಿಲ್ಲ, ಅಲ್ಲೀಗ ಮೇಕೆ ಕಟ್ಟುತ್ತಾರೆ. ಪಾಸಾದರೆ ಆ ಕೆಲಸ ಇವನಿಗೇ ಎಂದು ಅಕ್ಕ ಮನೆದೇವರಿಗೆ ಹರಕೆ ಹೊತ್ತಿದ್ದಳು. ನಾನೂ ಜೊತೆಗೆ ಹೋಗಿ, ಚನ್ನಪಟ್ಟಣದ ಸ್ಕೂಲಿನಲ್ಲಿ ಪರೀಕ್ಷೆಯ ಕೋಣೆಯ ಕಿಟಕಿಯ ಹೊರಗೆ ನಿಂತೆ.

ಮೇಜಿನ ಮೇಲೆ ನಾಲ್ಕು ಚೌಕದ ಗಟ್ಟಿಗಳು. ಒಂದೊಂದಕ್ಕೂ ಚೀಟಿ: ಕಬ್ಬಿಣ, ಹಿತ್ತಾಳೆ, ಸೀಸ, ಕಲ್ಲು. ಪಕ್ಕದಲ್ಲಿ ಅಳತೆಪಟ್ಟಿ, ತಕ್ಕಡಿ. ಉದ್ದ, ಅಗಲ, ಎತ್ತರ ಗುಣಿಸಿ ಘನಫಲ ತೆಗೆಯಬೇಕು. ತೂಕವನ್ನು ಅದರಿಂದ ಭಾಗಿಸಿ ಡೆನ್ಸಿಟಿ ಹೇಳಬೇಕು. ಬಹಳ ಸೈಂಟಿಫಿಕ್!

ಒಂದೇ ತೊಂದರೆ. ನಾಲ್ಕೂ ಮರದವು.

ಅಸಲಿ ಗಟ್ಟಿಗಳು ಬರುವುದು ತಡವಾಯಿತಂತೆ. ಪರೀಕ್ಷಕರು ಊರಿನ ಬೊಂಬೆ ಮಾಡುವ ಸಾಬರಿಗೆ ಹೇಳಿ ಹಾಲೆಮರದಲ್ಲಿ ಮಾಡಿಸಿಬಿಟ್ಟಿದ್ದರು. ಮೇಲೆ ಬಣ್ಣದ ಅರಗು. ಕಬ್ಬಿಣಕ್ಕೆ ಕಪ್ಪು, ಹಿತ್ತಾಳೆಗೆ ಹಳದಿ. (ಹೊಳಪು ಮಾತ್ರ ಬಲು ಸೊಗಸಾಗಿತ್ತು. ಸುಳ್ಳು ಯಾಕೆ ಹೇಳಲಿ?)

ಉಳಿದ ಜಾಣರು ತಕ್ಕಡಿ ಮುಟ್ಟಲೇ ಇಲ್ಲ. ಗಟ್ಟಿ ಎತ್ತಿದರು, ಚೀಟಿ ಓದಿದರು, ಬಾಯಿಪಾಠ ಮಾಡಿದ್ದನ್ನು ಒಪ್ಪಿಸಿದರು, ಪಾಸಾದರು. ನಮ್ಮ ಪುಟ್ಟಸ್ವಾಮಿ ತೂಗಿಬಿಟ್ಟ!

"ನಾಕೂ ಒಂದೇ ತೂಕ ಐತೆ ಸ್ವಾಮಿ. ನೀರಿಗಿಂತ್ಲೂ ಹಗುರ" ಎಂದ.

"ಕಬ್ಬಿಣ ನೀರಿಗಿಂತ ಹಗುರವೇನಯ್ಯಾ? ಪುಸ್ತಕ ಓದಿದ್ದೀಯೋ ಇಲ್ಲವೋ?" ಪರೀಕ್ಷಕರು ಗುಡುಗಿದರು.

"ಓದಿವ್ನಿ ಸ್ವಾಮಿ. ಇದು ಮರ ಅಲ್ವರಾ?"

"ಚೀಟಿ ನೋಡು. ಏನು ಬರೆದಿದೆ?"

"ಕಬ್ಬಿಣ ಅಂತ ಬರ್ದೈತೆ."

"ಮತ್ತೆ? ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ! ಫೇಲ್. ನೆಕ್ಸ್ಟ್!"

ನನಗೆ ಮೈಯೆಲ್ಲ ಉರಿದುಹೋಯಿತು. ಒಳಗೆ ನುಗ್ಗಿದೆ, ಆ ಕಬ್ಬಿಣವನ್ನು ಎತ್ತಿಕೊಂಡೆ, ನೆಟ್ಟಗೆ ಸ್ಕೂಲಿನ ಬಾವಿಗೆ ಎಸೆದೆ. ಪರೀಕ್ಷಕರು ಪೇಟ ಹಿಡಿದುಕೊಂಡು "ಸರ್ಕಾರದ ಸಾಮಾನು! ಸರ್ಕಾರದ ಸಾಮಾನು!" ಎಂದು ಕೂಗುತ್ತ ಓಡಿ ಬಂದರು. ಇಬ್ಬರೂ ಬಗ್ಗಿ ನೋಡಿದೆವು. ಸರ್ಕಾರದ ಕಬ್ಬಿಣ ಬಾತುಕೋಳಿಯ ಹಾಗೆ ತೇಲುತ್ತಿತ್ತು.

"ಈಗೇನಂತೀರಿ?" ಎಂದೆ.

ಅವರು ಸ್ವಲ್ಪ ಹೊತ್ತು ಯೋಚನೆ ಮಾಡಿದರು. (ಮಾಡುತ್ತಾರೆ, ಪಾಪ, ಅಭ್ಯಾಸವಿಲ್ಲ ಅಷ್ಟೆ.) ಆಮೇಲೆ, "ಈ ಊರಿನ ನೀರು ಬಹಳ ಗಡಸು" ಎಂದು ಹೇಳಿ ಒಳಗೆ ಹೋದರು. ರಿಸಲ್ಟು ಬದಲಾಗಲಿಲ್ಲ.

ಇಂಥವರಿಗೆ ಏನೆನ್ನುವುದು? ಕಣ್ಣು ಕಂಡದ್ದು ಸುಳ್ಳು, ಕೈ ತೂಗಿದ್ದು ಸುಳ್ಳು, ತಾವೇ ಅಂಟಿಸಿದ ಚೀಟಿ ಮಾತ್ರ ವೇದವಾಕ್ಯ! ಇವರ ತಲೆಯ ಡೆನ್ಸಿಟಿಯನ್ನು ಯಾವ ತಕ್ಕಡಿಯಲ್ಲಿ ತೂಗಬೇಕೋ ನಾನರಿಯೆ.

ಹಿಂದಿರುಗುವಾಗ ಗಾಡಿಯಲ್ಲಿ ಪುಟ್ಟಸ್ವಾಮಿ ಕೇಳಿದ: "ಮಾವ, ಸುಮ್ಕೆ ಕಬ್ಬಿಣ ಅಂದ್ಬುಟ್ಟಿದ್ರೆ ಕೆಲ್ಸ ಸಿಕ್ತಿತ್ತಾ?"

"ಸಿಕ್ತಿತ್ತು ಕಣ್ಲಾ" ಎಂದೆ. ಅಕ್ಕನಿಗೆ ಏನು ಹೇಳಬೇಕೆಂದು ಇಬ್ಬರಿಗೂ ತಿಳಿಯಲಿಲ್ಲ.

ಪಾಸಾದ ಜಾಣರಲ್ಲೊಬ್ಬ ಇನ್ನು ಕೈಲಾಂಚಕ್ಕೆ ಮೇಷ್ಟ್ರಾಗಿ ಬರುತ್ತಾನೆ. ಅವನಿಗಾಗಿ ಸ್ಕೂಲು ಖಾಲಿ ಮಾಡಿಸುವ ಬದಲು ಆ ಮೇಕೆಗಳನ್ನೇ ಅಲ್ಲಿ ಬಿಟ್ಟರೆ ಮಕ್ಕಳಿಗೇನು ನಷ್ಟ, ಹೇಳಿ?