ಬರಿಗಾಲಿಗೆ ಹೊಂದುವ ಪೆಟ್ಟಿಗೆ

ಕೊಟ್ಟೂರಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಚಹಾದಂಗಡಿಯವನು ಇನ್ನೂ ಒಲೆ ಹಚ್ಚಿಲ್ಲ. ಬೆನಕಪ್ಪನವರ ಫ್ಲೆಕ್ಸ್ ಅಂಗಡಿಯ ಷಟರ್ ಮಾತ್ರ ಸೊಂಟದೆತ್ತರಕ್ಕೆ ಎದ್ದಿದೆ. ಬಾಗಿ ಒಳಗೆ ಹೋದರೆ ಕಂಪ್ಯೂಟರಿನ ಮುಂದೆ ಹುಲುಗೇಶ್ ಕೂತಿದ್ದಾರೆ. ಪರದೆಯ ಮೇಲಿರುವುದು ಬಿಚ್ಚಿ ಹರವಿದ ಮಿಠಾಯಿ ಡಬ್ಬಿಯಂಥ ಚಿತ್ರ: ನಡುವೆ ಒಂದು ಆಯತ, ನಾಲ್ಕು ಮಗ್ಗುಲಿಗೆ ನಾಲ್ಕು ರೆಕ್ಕೆ. ಮಡಚುವಲ್ಲಿ ಕೆಂಪು ಗೆರೆ, ತೂತು ಕೊರೆಯುವಲ್ಲಿ ನೀಲಿ ಸುತ್ತು. ಒಂದು ಸುತ್ತನ್ನು ಮೌಸಿನಲ್ಲಿ ಹಿಡಿದು ಕೂದಲೆಳೆಯಷ್ಟು ಎಡಕ್ಕೆ ಸರಿಸುತ್ತಾರೆ. ತಲೆ ಓರೆ ಮಾಡಿ ನೋಡುತ್ತಾರೆ. ಮತ್ತೆ ಬಲಕ್ಕೆ ತರುತ್ತಾರೆ. ಯಜಮಾನರು ಬರುವುದರೊಳಗೆ ಇದು ಮುಗಿಯಬೇಕು. ಆಮೇಲೆ ಈ ಕಂಪ್ಯೂಟರು ಮದುವೆ, ಗೃಹಪ್ರವೇಶ, ಹುಟ್ಟುಹಬ್ಬ, ಶ್ರದ್ಧಾಂಜಲಿಗಳ ಪಾಲು.

ಅಷ್ಟರಲ್ಲಿ ಮೇಜಿನ ಮೇಲಿನ ಫೋನು ಗುಂಯ್‌ಗುಡುತ್ತದೆ. ಇಟ್ಟಿಗಿಯಿಂದ ಸಂಘಮಿತ್ರಾ, ಪಾಲಮ್ಮಜ್ಜಿಯ ಮೊಮ್ಮಗಳು, ಅಳುತ್ತಿದ್ದಾಳೆ. "ಅಣ್ಣಾ, ಅಜ್ಜಿ ಹೋದ್ಲು. ಚಹಾ ತಗೊಂಡು ಎಬ್ಬಸಾಕ ಹೋದ್ರ ಏಳ್ಲಿಲ್ಲ. ಫ್ಲೆಕ್ಸ್ ಮಾಡ್ಬೇಕಣ್ಣ, ಫೋಟೊ ಕಳಸ್ತೀನಿ." ಹುಲುಗೇಶ್ "ಹೂಂ ತಂಗಿ" ಎನ್ನುತ್ತಾರೆ. ಅಜ್ಜಿ ಅವರಿಗೆ ರಕ್ತಸಂಬಂಧಿಯೇನಲ್ಲ. ಆದರೆ ಅವರ ಗೆಳೆಯ ಭೀಮರಾಜರ ಮೇಲೆ ಕೂತಿರುವ ಕಳಂಕವನ್ನು ತೊಳೆಯಬಲ್ಲ ಬಾಯಿ ಈ ಐದು ತಾಲ್ಲೂಕಿನಲ್ಲಿ ಒಂದೇ ಒಂದಿತ್ತು, ಅದು ಪಾಲಮ್ಮಜ್ಜಿಯದು.

"ಇನ್ನ ಮುಗೀತ್ರಿ. ಎಲ್ಲಾ ಮುಗೀತು," ಎಂದು ಹುಲುಗೇಶ್ ನನಗೆ ಹೇಳಿ, ಕುರ್ಚಿಯನ್ನು ಹಿಂದಕ್ಕೆ ನೂಕಿ, ಪರದೆಯನ್ನೇ ನೋಡುತ್ತ ಕೂಡುತ್ತಾರೆ.

ಆ ಕಳಂಕಕ್ಕೂ ಪರದೆಯ ಮೇಲಿನ ಡಬ್ಬಿಗೂ ನಂಟಿದೆ. ಗಿಟಾರ್ ಪೆಡಲ್ ಎಂದರೆ ನಮ್ಮ ಕಡೆ ಮುಕ್ಕಾಲು ಮಂದಿ ಸೈಕಲ್ಲಿನದೇ ಇರಬೇಕು ಅಂದುಕೊಂಡಾರು. ಇದು ಗಿಟಾರಿಗೂ ಸ್ಪೀಕರಿಗೂ ನಡುವೆ, ನೆಲದ ಮೇಲೆ ಕೂರುವ ಚಿಕ್ಕ ಲೋಹದ ಪೆಟ್ಟಿಗೆ. ಕಾಲಿನಿಂದ ಗುಂಡಿ ಅದುಮಿದರೆ ಗಿಟಾರಿನ ದನಿ ಬದಲಾಗುತ್ತದೆ. ಒಂದು ಗೊಗ್ಗರಾಗಿ ಕೂಗುತ್ತದೆ, ಇನ್ನೊಂದು ಬಾವಿಯೊಳಗಿನಿಂದ ಬಂದಂತೆ ಮರುದನಿ ಕೊಡುತ್ತದೆ. ಪೆಟ್ಟಿಗೆಯ ಒಳಗಿನ ವೈರು, ಬೆಸುಗೆಯೆಲ್ಲ ಭೀಮರಾಜರ ಕೆಲಸವಾಗಿತ್ತು. ಹಗರಿಬೊಮ್ಮನಹಳ್ಳಿಯಲ್ಲಿ ಅವರದು ಟಿ.ವಿ., ಆಂಪ್ಲಿಫೈಯರ್ ರಿಪೇರಿಯ ಅಂಗಡಿ. ಹಾಡಿನ ತಂಡದಲ್ಲಿ ಗಿಟಾರ್ ನುಡಿಸುವವರೂ ಅವರೇ. ಪೆಟ್ಟಿಗೆಯ ಹೊರಮೈ ಹುಲುಗೇಶರದು.

ಕೊಂಡುತರುವ ಪೆಟ್ಟಿಗೆ ಕೈಗೆಟುಕದ ಕಾರಣಕ್ಕೇ ಇವರು ಮನೆಯಲ್ಲೇ ಕಟ್ಟಲು ಹೊರಟದ್ದು. ಬಿಟ್ಟಿ ಸಿಗುವ ಇಂಕ್‌ಸ್ಕೇಪ್ ಎಂಬ ಸಾಫ್ಟ್‌ವೇರಿನಲ್ಲಿ ಹುಲುಗೇಶ್ ಪೆಟ್ಟಿಗೆಯನ್ನು ಬಿಡಿಸಿಕೊಳ್ಳುತ್ತಾರೆ. ಅದರಲ್ಲಿ ಎಳೆದ ಗೆರೆಯನ್ನು ಹಿಗ್ಗಿಸಿದರೆ ಒಡೆಯುವುದಿಲ್ಲ, ಕುಗ್ಗಿಸಿದರೆ ಮಸುಕಾಗುವುದಿಲ್ಲ. ಚಿತ್ರವನ್ನು ಇದ್ದ ಅಳತೆಗೇ ಪ್ರಿಂಟ್ ತೆಗೆದು, ಕೂಡ್ಲಿಗಿಯ ಕಿಟಕಿ ಮಾಡುವವರ ಹತ್ತಿರ ಸಿಗುವ ಅಲ್ಯೂಮಿನಿಯಂ ತಗಡಿನ ತುಂಡಿಗೆ ಅಂಟಿಸಿ, ಕೊರೆದು, ಮಡಚುತ್ತಾರೆ. ಬಣ್ಣಕ್ಕೆ ಹರಪನಹಳ್ಳಿಗೆ ಹೋಗಬೇಕು. ಅಲ್ಲಿ ಗೇಟು, ಕಬ್ಬಿಣದ ಮಂಚಗಳಿಗೆ ಬಣ್ಣ ಹೊಡೆಯುವಾಗ ಮೂಲೆಯಲ್ಲಿ ಇವರ ಪೆಟ್ಟಿಗೆಯನ್ನೂ ತೂಗುಹಾಕುತ್ತಾರೆ.

"ಮಡಚಿದಾಗ ತಗಡಿನ ದಪ್ಪ ಒಂದಿಷ್ಟು ಅಳತಿ ನುಂಗ್ತೈತ್ರಿ," ಎನ್ನುತ್ತಾರೆ ಹುಲುಗೇಶ್. "ಅದನ್ನ ಮೊದ್ಲೇ ಗೆರೀಗೆ ಸೇರಸಬೇಕು. ಪ್ರಿಂಟ್ ಹೊಡಿಯೋ ಮುಂದ ಹಾಳಿಗೆ ಹೊಂದ್ಸು ಅಂತ ಒಂದು ಗುರ್ತು ಇರ್ತೈತಿ, ಅದನ್ನ ತೆಗೀಲಿಲ್ಲ ಅಂದ್ರ ಸತ್ತಂಗ. ಕಣ್ಣಿಗೇನೂ ಫರಕ್ ಕಾಣಂಗಿಲ್ಲ, ಆದ್ರ ತೂತೆಲ್ಲಾ ಒಂಚೂರು ಹತ್ರ ಬಂದಿರ್ತಾವು, ಗುಂಡಿ ಕುಂದ್ರಂಗಿಲ್ಲ. ಹಂಗ ಎಷ್ಟ್ ತಗಡು ಹಾಳು ಮಾಡೀನೋ!" ಬೆನಕಪ್ಪನವರಿಗೆ ಈ ಹುಚ್ಚು ಗೊತ್ತಿದೆ, ಆದರೂ ಬೈದವರಲ್ಲ. "ಲೇ ಹುಲುಗೇಶಾ, ಈ ಡಬ್ಬ್ಯಾಗ ಎರಡು ರೊಟ್ಟಿ ಹಿಡೀತಾವೇನಲೇ? ಹಿಡೀತಾವಂದ್ರ ನನಗೂ ಒಂದು ಮಾಡಿಕೊಡು," ಎಂದು ಆಡಿಸುತ್ತಾರೆ, ಅಷ್ಟೆ.

ಈ ಪೆಟ್ಟಿಗೆಗಳಲ್ಲಿ ಬೇರೆ ಕಡೆ ಇಲ್ಲದ ಒಂದು ಸಂಗತಿ ಇದೆ. ಅಂಗಡಿಯ ಪೆಡಲ್‌ಗಳೆಲ್ಲ ಬೂಟುಗಾಲಿನವರಿಗೆ ಮಾಡಿದವು. ಅವುಗಳ ಗುಂಡಿ ಒಂದು ಕಿರಿದಾದ, ಗಟ್ಟಿ ಕಬ್ಬಿಣದ ತುಂಡು. ನಮ್ಮವರು ಬುದ್ಧ, ಬಾಬಾಸಾಹೇಬರ ಫೋಟೊ ಇಟ್ಟ ವೇದಿಕೆಗೆ ಚಪ್ಪಲಿ ಮೆಟ್ಟಿ ಏರುವುದಿಲ್ಲ. ಬಾಡಿಗೆಗೆ ತಂದ ಪೆಡಲನ್ನು ಒಂದು ರಾತ್ರಿ ಒತ್ತಿ ಒತ್ತಿ ಭೀಮರಾಜರ ಅಂಗಾಲು ಬಾತಿತ್ತಂತೆ. ಅದಕ್ಕೆಂದೇ ಹುಲುಗೇಶ್ ಗೆಳೆಯನನ್ನು ಹಾಳೆಯ ಮೇಲೆ ನಿಲ್ಲಿಸಿ, ಪಾದದ ಸುತ್ತ ಪೆನ್ಸಿಲ್ ಎಳೆದು, ಸ್ಕ್ಯಾನ್ ಮಾಡಿ, ಅದರ ಮೇಲೆ ಗೆರೆ ತೀಡಿದರು. ಯಾವ ಗುಂಡಿ ಹೆಬ್ಬೆರಳಿನ ಬುಡಕ್ಕೆ ಸಿಗಬೇಕು, ಎರಡರ ನಡುವೆ ಎಷ್ಟು ಅಂತರ ಎಂಬುದೆಲ್ಲ ಆ ಪಾದದ ಅಳತೆಯಿಂದಲೇ ಹುಟ್ಟಿತು. ಗುಂಡಿಯ ತಲೆಗೆ ಜಾಲಿ ಕಟ್ಟಿಗೆಯ ಅಗಲವಾದ ನುಣುಪು ಟೋಪಿ. "ಬರಿಗಾಲ್ಲೆ ತುಳಿದು ನೋಡ್ರಿ, ಚುಚ್ಚಂಗೇ ಇಲ್ಲ," ಎಂದು ಅವರು ಎಲ್ಲರಿಗೂ ಹೇಳುತ್ತಿದ್ದರು.

ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ ಕಡೆಯ ಆರ್ಕೆಸ್ಟ್ರಾದವರೂ ಕೇಳಿಕೊಂಡು ಬರತೊಡಗಿದರು. ಹೋದ ವರ್ಷ ಬಾಬಾಸಾಹೇಬರ ಜಯಂತಿಗೆ ಇಟ್ಟಿಗಿಯಲ್ಲಿ ದೊಡ್ಡ ಕಾರ್ಯಕ್ರಮ ಇತ್ತು. ಅದಕ್ಕೆ ಇಬ್ಬರೂ ಕೂಡಿ ಹೊಸ ಪೆಟ್ಟಿಗೆ ಕಟ್ಟಿದರು. ಬರೀ ನೀಲಿ ಬಣ್ಣ ಸಾಕೇ? ಹುಲುಗೇಶರ ಮನಸ್ಸಿಗೆ ಬಂದದ್ದು ಅರಳಿ ಎಲೆ, ಬುದ್ಧನಿಗೆ ಅರಿವು ಮೂಡಿದ ಮರದ್ದು. ಇಟ್ಟಿಗಿಯ ಕೇರಿಯಲ್ಲಿ ಪಾಲಮ್ಮಜ್ಜಿ, ಬಾಬಾಸಾಹೇಬರು ಬೌದ್ಧರಾದ ನಾಗಪುರದಿಂದ ಸಸಿ ತಂದು ನೆಟ್ಟು, ಬೇಸಿಗೆಯಲ್ಲಿ ಕೊಡ ಹೊತ್ತು ಬೆಳೆಸಿದ ಅರಳಿ ಮರ ಇದೆ. ಹುಲುಗೇಶ್ ಅಲ್ಲಿಗೇ ಹೋಗಿ ಒಂದು ಎಲೆ ಕೇಳಿದರು. ಅಜ್ಜಿ ತಾವೇ ಕೊಂಬೆ ಬಗ್ಗಿಸಿ ಕಿತ್ತುಕೊಟ್ಟರು. "ಚಲೋ ಕೆಲ್ಸಕ್ಕ ಅಲ್ಲೇನೋ ಯಪ್ಪಾ?" ಎಂದು ಕೇಳಿದ್ದಕ್ಕೆ ಹುಲುಗೇಶ್ "ಹೂನಬೇ" ಎಂದಿದ್ದರು.

ಆ ಎಲೆಯ ಎಡ ಅಂಚನ್ನು ಹುಳ ತಿಂದಿತ್ತು. ಬೇರೆಯವರಾದರೆ ಅದನ್ನು ತಿದ್ದಿ ಚೆಂದ ಮಾಡುತ್ತಿದ್ದರು. ಇವರು ಅಜ್ಜಿ ಕೊಟ್ಟ ಹಾಗೇ ಇರಲಿ ಎಂದು ಹುಳ ತಿಂದ ಕೊರೆಯನ್ನೂ ಬಿಡದೆ ಗೆರೆ ತೀಡಿದರು. ಬೈಕಿನ ನಂಬರಿಗೆ ಅಂಟಿಸುತ್ತಾರಲ್ಲ, ಆ ಹಸಿರು ರೇಡಿಯಂ ಹಾಳೆಯಲ್ಲಿ ಕತ್ತರಿಸಿ ಪೆಟ್ಟಿಗೆಯ ಮೇಲೆ, ಎರಡು ಗುಂಡಿಗಳ ನಟ್ಟನಡುವೆ ಕೂರಿಸಿದರು. ಹುಲುಗೇಶರ ತಾಯಿ ಉಚ್ಚಂಗೆಮ್ಮ ಅದನ್ನು ನೋಡಿ, "ಕಾಲಾಗ ತುಳಿಯೋದಕ್ಕ ಇಷ್ಟ್ ಸಿಂಗಾರ ಯಾಕಲೇ?" ಎಂದರಂತೆ. ಮಗ ನಕ್ಕುಬಿಟ್ಟರು. ತಾಯಿ ಹೇಳಿದ್ದು ಆ ಹೊತ್ತಿಗೆ ಅವರ ತಲೆಗೆ ಹೋಗಲೇ ಇಲ್ಲ.

"ಈಗ ಅನಸ್ತೈತ್ರಿ, ನನ್ನ ಕಣ್ಣಿಗೆ ಅವತ್ತು ಏನಾಗಿತ್ತು ಅಂತ. ಪರದಿ ಮ್ಯಾಲೆ ಎಲ್ಲಾ ಎದ್ದು ನಿಂತಿರ್ತೈತಿ. ಗ್ವಾಡಿ ಮ್ಯಾಲಿನ ಫೋಟೊ ಇದ್ದಂಗ ಎದುರಿಗೇ ಇರ್ತೈತಿ. ದಿನಾ ಹಂಗ ನೋಡಿ ನೋಡಿ, ಇದು ನೆಲದ ಮ್ಯಾಲೆ ಬೀಳೋದು, ಇದರ ಮ್ಯಾಲೆ ಕಾಲು ಬರೋದು ಅನ್ನೋದ ಮರ್ತು ಬಿಟ್ಟೆ. ಭೀಮ್ಯಾನೂ ಮೇಜಿನ ಮ್ಯಾಲ ಇಟ್ಗೊಂಡು ನೋಡಿದ್ದ, ಅವಗೂ ಹೊಳೀಲಿಲ್ಲ. ಚೆಂದ ಐತಿ ಚೆಂದ ಐತಿ ಅಂತ ಕುಣದಾಡಿದ್ವಿ ಇಬ್ರೂ."

ಜಯಂತಿಯ ದಿನ ಎರಡನೆಯ ಹಾಡಿಗೆ ವೇದಿಕೆಯ ದೀಪ ಬಿದ್ದದ್ದೇ ತಡ, ರೇಡಿಯಂ ಎಲೆ ಝಗ್ಗನೆ ಹೊಳೆಯಿತು. ಅದರ ಮೇಲೆ ಭೀಮರಾಜರ ಬರಿಗಾಲು. ವೇದಿಕೆಗೆ ಹತ್ತಿಯೇ ಚಾಪೆಯ ಮೇಲೆ ಕೂತಿದ್ದ ಪಾಲಮ್ಮಜ್ಜಿ ಎದ್ದು ನಿಂತರು. ಕಾಲಿನ ಪಕ್ಕದಲ್ಲಿ ಇಣುಕುತ್ತಿದ್ದ ಹುಳ ತಿಂದ ಅಂಚನ್ನು ಅವರು ಗುರುತಿಸಿದ್ದರು. "ಎಪ್ಪಾ, ಅದು ನಮ್ಮ ಮರದ ಎಲಿ ಅಲ್ಲೇನೋ? ಅದರ ಮ್ಯಾಲ ಕಾಲಿಟ್ಟೀಯಲ್ಲೋ!" ಎಂದ ಅವರ ದನಿಯಲ್ಲಿ ಸಿಟ್ಟಿಗಿಂತ ದಿಗಿಲೇ ಹೆಚ್ಚಿತ್ತಂತೆ. ಭೀಮರಾಜ್ ಕೆಳಗೆ ನೋಡಿದರು. ಕೆಂಡ ತುಳಿದವರಂತೆ ಕಾಲೆತ್ತಿದರು. ಗುಂಡಿ ಆರಿಸಲು ಮತ್ತೆ ಕಾಲಿಡಬೇಕಲ್ಲ, ಇಡಲಿಲ್ಲ. ಯಾರೋ ವೈರು ಕೀಳುವವರೆಗೆ ಗಿಟಾರು ಒಂದೇ ಸಮ ಅರಚುತ್ತಲೇ ಇತ್ತು.

ಹುಲುಗೇಶ್ ಓಡಿಹೋಗಿ ಮೈಕು ಹಿಡಿದು, "ಎಲಿ ಬರದೋನು ನಾನು, ತಪ್ಪು ನಂದು, ಅವಂದಲ್ಲ" ಎಂದು ಕೂಗಿದ್ದುಂಟು. ಆ ಗದ್ದಲದಲ್ಲಿ ಯಾರು ಕೇಳುತ್ತಾರೆ? ಬೆಳಗಾಗುವುದರೊಳಗೆ ಹೊಳಲಿನಿಂದ ಹಂಪಸಾಗರದವರೆಗೆ ಎಲ್ಲರ ಫೋನಿನಲ್ಲೂ ವಿಡಿಯೊ ಓಡಾಡಿತು. ಅದರಲ್ಲಿ ಇದ್ದದ್ದು ಎಲೆ ಮತ್ತು ಕಾಲು ಮಾತ್ರ. ಎಲೆಯನ್ನು ಅಲ್ಲಿ ಕೂರಿಸಿದ ಕೈಯನ್ನು ಯಾರೂ ಕೇಳಲಿಲ್ಲ. ತಂಡದವರು ಭೀಮರಾಜರನ್ನು ಕರೆಯುವುದು ಬಿಟ್ಟರು. ಅಂಗಡಿಗೆ ಬರುವ ಗಿರಾಕಿಗಳು ಕಡಿಮೆಯಾದರು. ಶಾಲೆಯಲ್ಲಿ ಅವರ ಮಗಳನ್ನು ಹುಡುಗರು, "ನಿಮ್ಮಪ್ಪನ ಏನ್ಲೇ ಎಲಿ ತುಳಿದೋನು?" ಎಂದು ಕೇಳಿದರು. ಅವತ್ತು ಮನೆಗೆ ಬಂದ ಭೀಮರಾಜ್ ಗಿಟಾರಿನ ತಂತಿಗಳನ್ನು ಒಂದೊಂದಾಗಿ ಬಿಚ್ಚಿ ಸುತ್ತಿಟ್ಟರು.

ಹುಲುಗೇಶ್ ಸುಮ್ಮನಿರಲಿಲ್ಲ. ಹೊಸ ಪೆಟ್ಟಿಗೆ ಕಟ್ಟಿದರು: ಎಲೆಯಿಲ್ಲ, ಅಕ್ಷರವಿಲ್ಲ, ಒಂದು ಚುಕ್ಕೆಯೂ ಇಲ್ಲದ ಬೋಳು ಮೈ. ಅದನ್ನು ಹಗರಿಬೊಮ್ಮನಹಳ್ಳಿಗೆ ಒಯ್ದು ಗೆಳೆಯನ ಮುಂದಿಟ್ಟರು. ಭೀಮರಾಜ್ ತಿರುಗಿಸಿ ಮುರುಗಿಸಿ ನೋಡಿದರು. "ಮೂಲಿ ಚಲೋ ಕೂತಾವಲೇ," ಎಂದರು. ಆಮೇಲೆ ಅದನ್ನು ಗೆಳೆಯನ ಮಡಿಲಿಗೇ ಇಟ್ಟರು. "ಪೆಟ್ಟಿಗಿ ಸರಿ ಐತಿ. ನನ್ನ ಕಾಲು ಮೊದ್ಲಿನಂಗಿಲ್ಲ." ಒಳಗೆ ವೈರಿಲ್ಲದ ಆ ಪೆಟ್ಟಿಗೆ ಈಗಲೂ ಪ್ರಿಂಟರಿನ ಪಕ್ಕದಲ್ಲಿದೆ. ಹೊಸಪೇಟೆ, ದಾವಣಗೆರೆ ಕಡೆಯಿಂದ ಆಗೊಮ್ಮೆ ಈಗೊಮ್ಮೆ ಖಾಲಿ ಪೆಟ್ಟಿಗೆ ಬೇಕೆಂದು ಕೇಳುವವರಿದ್ದಾರೆ, ಹುಲುಗೇಶ್ ಮಾಡಿಕೊಡುತ್ತಾರೆ. "ಅವ್ರು ಬೂಟು ಹಾಕ್ಕೊಂಡು ತುಳೀತಾರ್ರಿ. ಈ ಟೋಪಿ ಯಾಕ ಅಗಲ ಐತಿ ಅಂತ ಅವ್ರಿಗೆ ತಿಳಿಯಂಗೂ ಇಲ್ಲ."

ಉಳಿದಿದ್ದ ಒಂದೇ ಆಸರೆ ಪಾಲಮ್ಮಜ್ಜಿ. ಸಂಕ್ರಾಂತಿಯ ಹೊತ್ತಿಗೆ ಹುಲುಗೇಶ್ ಅವರ ಕಟ್ಟೆಯ ಮೇಲೆ ಕೂತು ಎಲ್ಲ ಹೇಳಿಕೊಂಡಿದ್ದರು. ಅಜ್ಜಿ, "ಕೊಟ್ಟಾಕಿ ನಾನು, ಬರದೋನು ನೀನು. ನಡುವ ಆ ಹುಡುಗನ ಬಾಳೇವು ಹಾಳಾತಲ್ಲೋ. ಈ ಸಲ ಜಯಂತಿಗೆ ನಾನ ಮ್ಯಾಲ ಹತ್ತಿ ಹೇಳ್ತೀನಿ, ಅವ ಬಂದು ಬಾರಿಸ್ಲಿ," ಎಂದಿದ್ದರು. ಅವತ್ತಿನಿಂದ ಹುಲುಗೇಶ್ ಪೆಟ್ಟಿಗೆಯ ಗೆರೆ ತಿದ್ದುತ್ತಲೇ ಇದ್ದಾರೆ, ಜಯಂತಿಗೆ ಗೆಳೆಯನ ಕಾಲಿಗೆ ಒಂದಿಷ್ಟೂ ತೊಡಕಾಗಬಾರದೆಂದು. ಇವತ್ತು ಬೆಳಿಗ್ಗೆ ತಿದ್ದುತ್ತಿದ್ದದ್ದೂ ಅದನ್ನೇ. ಜಯಂತಿಗೆ ಇನ್ನು ತಿಂಗಳೂ ಇಲ್ಲ.

ಈಗ ಆ ಚಿತ್ರವನ್ನು ಮುಚ್ಚಿ ಭೀಮರಾಜರಿಗೆ ಫೋನು ಹಚ್ಚುತ್ತಾರೆ. "ಅಜ್ಜಿ ಹೋದ್ಲಲೇ."

"ಗೊತ್ತಾತು."

"ಮಣ್ಣಿಗೆ ಬರ್ತೀಯೇನ? ನಾ ಗಾಡಿ ತಗೊಂಡು ಬರ್ತೀನಿ, ಕೂಡೇ ಹೋಗೂಣು."

"ಬ್ಯಾಡಲೇ. ಅಲ್ಲಿ ಯಾರೂ ನನ್ನ ಮುಖ ನೋಡಂಗಿಲ್ಲ, ಎಲ್ರೂ ಕಾಲ ನೋಡ್ತಾರ. ನೀ ಹೋಗಿ ಬಾ." ಫೋನು ಕಟ್ಟಾಗುತ್ತದೆ.

ಹುಲುಗೇಶ್ ಅಳುವುದಿಲ್ಲ, ಮುಖ ಉಜ್ಜಿಕೊಂಡು ಕೆಲಸಕ್ಕೆ ಕೂಡುತ್ತಾರೆ. ಸಂಘಮಿತ್ರಾ ಕಳಿಸಿದ ಫೋಟೊ ಬಂದಿದೆ, ಜೊತೆಗೆ ಒಂದು ಮಾತು: "ಹಿಂದ ಆ ಎಲಿ ಹಾಕಣ್ಣ. ಅಜ್ಜಿದ ಎಲಿ." ಜಯಂತಿಯ ರಾತ್ರಿಯಿಂದ ಆ ಫೈಲನ್ನು ಅವರು ತೆರೆದಿಲ್ಲ, ಅಳಿಸಿಯೂ ಇಲ್ಲ. ತೆರೆಯುತ್ತಾರೆ. ಪೆಟ್ಟಿಗೆಯ ಮೇಲೆ ಬೆರಳುದ್ದವಿದ್ದ ಎಲೆಯನ್ನು ಬಾಗಿಲಿನಷ್ಟು ಹಿಗ್ಗಿಸುತ್ತಾರೆ. ಗೆರೆ ಎಲ್ಲೂ ಒಡೆಯುವುದಿಲ್ಲ. ಹುಳ ತಿಂದ ಅಂಚು ಈಗ ಅಂಗೈ ಅಗಲ ಕಾಣುತ್ತದೆ. ಅದನ್ನು ಈ ಸಲವೂ ತಿದ್ದುವುದಿಲ್ಲ. ಅದರ ಮುಂದೆ ಅಜ್ಜಿಯ ಮುಖ ಇಟ್ಟು, ಕೆಳಗೆ ಹೆಸರು ಬರೆದು, ಮಷೀನಿಗೆ ಕೊಡುತ್ತಾರೆ.

ಅಷ್ಟು ಹೊತ್ತಿಗೆ ಬಂದ ಬೆನಕಪ್ಪನವರು ಷಟರ್ ಪೂರ್ತಿ ಎತ್ತಿ, ಪರದೆಯ ಮೇಲಿನ ಅಜ್ಜಿಯ ಮುಖ ನೋಡುತ್ತಾರೆ. ಸಾಮಾನ್ಯವಾಗಿ ಇಂಥ ಹೊತ್ತಿನಲ್ಲಿ ಅವರದೊಂದು ತಮಾಷೆ ಇರುತ್ತದೆ: ಫ್ಲೆಕ್ಸಿಗೆ ಮೂರು ದಿನ ಕಂಬದ ಮೇಲೆ ಆಯುಷ್ಯ, ಮೂರು ವರ್ಷ ನೆಲದ ಮೇಲೆ. ಸುಳ್ಳಲ್ಲ. ನಮ್ಮೂರುಗಳಲ್ಲಿ ಬಿಚ್ಚಿದ ಫ್ಲೆಕ್ಸನ್ನು ಯಾರೂ ಎಸೆಯುವುದಿಲ್ಲ. ಕಾಳು ಹರವಲು, ಮಕ್ಕಳನ್ನು ಕೂರಿಸಲು, ದನದ ಕೊಟ್ಟಿಗೆಗೆ ಮರೆಮಾಡಲು ಅದೇ ಬೇಕು. ಹುಲುಗೇಶರ ಮನೆಯ ಅಂಗಳದಲ್ಲೂ ಯಾರದೋ ಹುಟ್ಟುಹಬ್ಬದ ಮೇಲೆ ಉಚ್ಚಂಗೆಮ್ಮ ಹುಣಸೆಹಣ್ಣು ಒಣಹಾಕಿದ್ದಾರೆ. ಯಜಮಾನರು ಇವತ್ತು ಆ ತಮಾಷೆ ಆಡುವುದಿಲ್ಲ.

ಮಷೀನಿನಿಂದ ಎಲೆ ಇಷ್ಟಿಷ್ಟೇ ಹೊರಬರುತ್ತದೆ. ತುದಿ ನೆಲಕ್ಕೆ ತಾಗುವ ಮುಂಚೆ ಹುಲುಗೇಶ್ ಕೈಯೊಡ್ಡಿ ಎತ್ತಿಕೊಳ್ಳುತ್ತಾರೆ, ಮಸಿ ಒಣಗುವವರೆಗೆ ಎರಡೂ ಕೈಯಲ್ಲಿ ಹಿಡಿದುಕೊಂಡೇ ನಿಲ್ಲುತ್ತಾರೆ. ಆಮೇಲೆ ಸುರುಳಿ ಸುತ್ತಿ, ಹೆಗಲ ಮೇಲಿಟ್ಟುಕೊಂಡು, ಇಟ್ಟಿಗಿಗೆ ಫೋನು ಮಾಡುತ್ತಾರೆ.

"ತಂಗಿ, ಆತವ್ವ. ನಾನ ತರಾಕ ಹತ್ತೀನಿ. ಒಂದು ಮಾತು ನಡಸಿಕೊಡಬೇಕು. ಮೂರು ದಿನ ಆದ ಮ್ಯಾಲ ಬಿಚ್ಚಿ ನನಗ ಕೊಡ್ರಿ. ಎಲ್ಲೂ ಹಾಸಬ್ಯಾಡ್ರಿ."