ಉಪ್ಪಿಲ್ಲದ ಜುಣಕ

"ಇದೇನ ಜುಣಕನವಾ? ಉಪ್ಪ ಎಲ್ಲೈತಿ?" ಎಂದು ಅತ್ತೆ ತಾಟು ಸರಿಸಿದಾಗ, ಹಂಚಿನ ಮೇಲಿನ ರೊಟ್ಟಿ ಸೀದದ್ದೂ ನನಗೆ ಗೊತ್ತಾಗಲಿಲ್ಲ. ಕುಂಭಾರಿಯ ನಮ್ಮ ಮನೆಯಲ್ಲಿ ಅವರು ಊಟದ ರುಚಿಯ ಬಗ್ಗೆ ಬಾಯಿಬಿಟ್ಟು ತಿಂಗಳುಗಳೇ ಆಗಿದ್ದವು.

ಸೊಲ್ಲಾಪುರದ ಡಾಕ್ಟರು ಅವರ ವರ್ಷಗಳ ನಿದ್ದೆ ಗುಳಿಗೆಯನ್ನು ಸ್ವಲ್ಪಸ್ವಲ್ಪವೇ ಇಳಿಸುತ್ತಿದ್ದರು. ಹೊತ್ತುಹೊತ್ತಿಗೆ ಊಟ ತಪ್ಪಬಾರದು ಎಂದಿದ್ದರು. ಅತ್ತೆಗೋ ಗುಳಿಗೆ ಕಡಿಮೆಯಾದಂತೆ ಊಟವೇ ಸೇರುತ್ತಿರಲಿಲ್ಲ. ಮೊಸರನ್ನ, ಗಂಜಿ, ಮೆತ್ತನೆಯ ರೊಟ್ಟಿ, ಏನು ಕೊಟ್ಟರೂ ಎರಡು ತುತ್ತು ನುಂಗಿ ಎದ್ದುಬಿಡುತ್ತಿದ್ದರು.

ಅಂದು ಕಡಲೆಹಿಟ್ಟಿನ ಜುಣಕಕ್ಕೆ ಉಪ್ಪು ಹಾಕುವುದನ್ನು ನಾನು ನಿಜಕ್ಕೂ ಮರೆತಿದ್ದೆ. ಮೊದಲೇ ಉಂಡೆದ್ದಿದ್ದ ನನ್ನ ಗಂಡನಿಗೆ ಅದು ಗೊತ್ತೇ ಆಗಿರಲಿಲ್ಲ!

"ಉಪ್ಪ ತರ್ತೀನ್ರಿ ಅತ್ತಿ," ಎನ್ನುತ್ತ ನಕ್ಕುಬಿಟ್ಟೆ.

"ನಗೂದ ಸಾಕು. ಶೇಂಗಾ ಹಿಂಡಿ ತಾ, ಇನ್ನೊಂದ ರೊಟ್ಟಿ ಹಾಕು," ಎಂದರು. ಚಟ್ನಿಪುಡಿ ಹಚ್ಚಿಕೊಂಡು ಆ ರೊಟ್ಟಿಯನ್ನೂ ಚೂರು ಬಿಡದೆ ಉಂಡರು.

ಈಗ ಗುಳಿಗೆ ಪೂರ್ತಿ ನಿಂತಿದೆ. ನನ್ನ ರೊಟ್ಟಿ ದಪ್ಪ, ಪಲ್ಯ ಸಪ್ಪೆ ಎಂದು ಅತ್ತೆ ದಿನವೂ ಗದರುತ್ತಾರೆ. ಓಣಿಯವರಿಗೆಲ್ಲ ಕೇಳಲಿ ಎಂದು ನಾನು ಅಡುಗೆಮನೆಯ ಕಿಟಕಿ ತೆರೆದೇ ಇಡುತ್ತೇನೆ.